ಬಿಸಿಯಾಗಿರುವಾಗಲೇ ತನ್ನಿ

“ಬಿಸಿಯಾಗಿರುವಾಗಲೇ ತೆಗೆದುಕೊಂಡು ಬಾ. ತಣ್ಣಗಾದ ಗಾಡಿಗೆ ನನ್ನ ಹತ್ತಿರ ಮದ್ದಿಲ್ಲ.” ಸೋಮವಾರ ಫೋನಿನಲ್ಲಿ ಕೌಲ್ ಬಜಾರಿನ ಎಲೆಕ್ಟ್ರಿಷಿಯನ್ ಚಾಚಾ ಹೇಳಿದ ಈ ಮಾತು ವಾರವಿಡೀ ನನ್ನ ಕಿವಿಯಲ್ಲೇ ಇದೆ.

ಹಳೆಯ ಅಂಬಾಸಿಡರ್ ಇಟ್ಟುಕೊಂಡವರಿಗೆ ಈ ಕಾಯಿಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಕೀಲಿ ಮುಟ್ಟಿದರೆ ಸಾಕು, ಎಂಜಿನ್ ಎದ್ದು ಕೂರುತ್ತದೆ. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಬಿಸಿಲಲ್ಲಿ ಓಡಿಸಿ, ಪೆಟ್ರೋಲ್ ಹಾಕಿಸಲು ಆಫ್ ಮಾಡಿ ಮತ್ತೆ ಕೀಲಿ ತಿರುಗಿಸಿದರೆ ‘ಟಕ್’ ಎನ್ನುತ್ತದೆ, ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರು, ಅಂದರೆ ಸೆಲ್ಫ್, ಅರ್ಧ ಸುತ್ತು ನರಳಿ ನಿಂತುಬಿಡುತ್ತದೆ. ಭಾನುವಾರ ಆಗಿದ್ದೂ ಅದೇ. ಬಂಕಿನಲ್ಲಿದ್ದ ಹುಡುಗರು ಗಾಡಿಯನ್ನು ನೆರಳಿಗೆ ತಳ್ಳಿಕೊಟ್ಟರು. ಲಾರಿಯ ಚಾಲಕರೊಬ್ಬರು ತಮ್ಮ ಟವೆಲನ್ನೇ ಒದ್ದೆ ಮಾಡಿ, ಬಾನೆಟ್ಟಿನೊಳಗೆ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪಿಗೆ ಸುತ್ತಿದರು. ಅರ್ಧ ಗಂಟೆ ಬಿಟ್ಟು ಗಾಡಿ ಸ್ಟಾರ್ಟ್ ಆಯಿತು, ಒದ್ದೆ ಬಟ್ಟೆಗೆ ಹೆಸರು ಬಂತು.

ಆ ಮನುಷ್ಯರ ಒಳ್ಳೆಯತನವನ್ನು ನಾನು ಮರೆಯುವುದಿಲ್ಲ. ಅವರ ಮದ್ದೂ ಸುಳ್ಳಲ್ಲ, ಆದರೆ ಅದು ಬೇರೆ ಕಾಯಿಲೆಯದು. ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಕಟ್ಟಿಕೊಂಡರೆ ಸೆಲ್ಫ್ ಸರಾಗವಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಆಗ ಒದ್ದೆ ಬಟ್ಟೆ ಕೆಲಸಕ್ಕೆ ಬರುತ್ತದೆ. ನಮ್ಮ ಗಾಡಿಯಲ್ಲಿ ಸೆಲ್ಫೇ ತಿರುಗುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಅದು ತಾನಾಗಿ ತಣ್ಣಗಾಗಿತ್ತು, ಅಷ್ಟೇ. ಕಾದರೆ ತಾನೇ ವಾಸಿಯಾಗುವ ದೋಷದ ಕಷ್ಟವೇ ಇದು: ಕೊನೆಗೆ ಯಾರು ಕೈ ಹಾಕಿದರೋ ಅವರ ಚಿಕಿತ್ಸೆ ಸರಿ ಎನಿಸಿಬಿಡುತ್ತದೆ.

ನನಗೆ ಸಿಟ್ಟಿರುವುದು ನಮ್ಮೂರಿನ ಗ್ಯಾರೇಜೊಂದರ ಮೇಲೆ. ಅವರು ಗಾಡಿಯನ್ನು ರಾತ್ರಿ ಅಲ್ಲೇ ಬಿಡಿಸಿಕೊಂಡು, ಬೆಳಗ್ಗೆ ನನ್ನೆದುರಿಗೆ ಸ್ಟಾರ್ಟ್ ಮಾಡಿ ತೋರಿಸಿ, “ಏನೂ ತೊಂದರೆಯಿಲ್ಲ ಸರ್, ಬ್ಯಾಟರಿ ಸ್ವಲ್ಪ ವೀಕ್” ಎಂದು ಹೊಸ ಬ್ಯಾಟರಿ ಕೂರಿಸಿ ಕಳಿಸಿದರು. ಮಧ್ಯಾಹ್ನದ ಹೊತ್ತು ಬಾನೆಟ್ ಎತ್ತಿ ನೋಡುವ ಮನಸ್ಸು ಅಲ್ಲಿ ಒಬ್ಬರಿಗೂ ಇರಲಿಲ್ಲ. ಅಕ್ಕನ ಮಗ ವಿಡಿಯೊಗಳನ್ನು ನೋಡಿ, ಸೆಲ್ಫಿಗೆ ಶಾಖ ತಡೆಯುವ ತಗಡು ಹೊದಿಸೋಣ ಎಂದ. ಜಾಣ ಹುಡುಗ. ಆದರೆ ಅವನು ನೋಡಿದ್ದು ಅಮೆರಿಕದ ವಿ8 ಎಂಜಿನ್ನುಗಳನ್ನು. ಅವುಗಳಲ್ಲಿ ಎಷ್ಟೋ ಕಡೆ ಕೆಂಪಗೆ ಕಾಯುವ ಎಕ್ಸಾಸ್ಟ್ ಪೈಪಿನ ಪಕ್ಕದಲ್ಲೇ ಸೆಲ್ಫ್ ಇರುತ್ತದೆ, ತಗಡು ಬೇಕೇ ಬೇಕು. ಅಂಬಾಸಿಡರಿನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಒಂದು ಮಗ್ಗುಲಿಗೆ, ಸೆಲ್ಫ್ ಇನ್ನೊಂದು ಮಗ್ಗುಲಿಗೆ.

ಮಂಗಳವಾರ ಮಧ್ಯಾಹ್ನ ಎರಡಕ್ಕೆ, ಸಿರುಗುಪ್ಪ ರಸ್ತೆಯಲ್ಲಿ ಚೆನ್ನಾಗಿ ಓಡಿಸಿ, ಚಾಚಾ ಹೇಳಿದಂತೆ ಅವರ ಅಂಗಡಿಯ ಮುಂದೆಯೇ ಆಫ್ ಮಾಡಿದೆ. ಅವರು ತಕ್ಷಣ ಮುಟ್ಟಲಿಲ್ಲ. “ಹತ್ತು ನಿಮಿಷ ಇರು. ಫ್ಯಾನ್ ನಿಂತಿದೆ, ನೀರೂ ನಿಂತಿದೆ. ಒಳಗಿನ ಬಿಸಿ ಈಗ ಹೊರಗೆ ಬರುತ್ತದೆ,” ಎಂದು ಚಹಾ ತರಿಸಿದರು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ, “ಈಗ ಹೊಡೆ” ಎಂದರು. ಸೆಲ್ಫ್ ನರಳಿತು. ಮೀಟರಿನಲ್ಲಿ 1.6 ವೋಲ್ಟ್.

“ಇದು ಅರ್ಧ ವೋಲ್ಟ್ ಕೂಡ ಇರಬಾರದು. ಇಲ್ಲಿ ಮುಟ್ಟಿ ನೋಡು.”

ಅವರು ತೋರಿಸಿದ್ದು ಚೋಕ್ ಕೇಬಲ್, ಡ್ಯಾಶ್‌ಬೋರ್ಡಿನಿಂದ ಎಂಜಿನ್ನಿಗೆ ಹೋಗುವ ಲೋಹದ ತಂತಿ. ಬೆರಳಿಗೆ ಚುರುಕ್ಕೆಂದಿತು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಸೆಲ್ಫಿನ ಕರೆಂಟು ಬ್ಯಾಟರಿಗೆ ಮರಳಲು, ಎಂಜಿನ್ನನ್ನು ಗಾಡಿಯ ಚಾಸಿಗೆ ಜೋಡಿಸುವ ತಾಮ್ರದ ಅರ್ತಿಂಗ್ ಪಟ್ಟಿಯೊಂದೇ ದಾರಿ. ಆ ಪಟ್ಟಿ ಬೋಲ್ಟಿನ ಬುಡದಲ್ಲಿ ಹಸಿರು ಕಿಲುಬು ಹಿಡಿದು, ಅರ್ಧಕ್ಕರ್ಧ ಎಳೆಗಳು ತುಂಡಾಗಿದ್ದವು. ದೊಡ್ಡ ಬಾಗಿಲು ಮುಚ್ಚಿದ ಮನೆಯಿಂದ ಜನ ಕಿಟಕಿಯಲ್ಲಿ ನುಸುಳಿದಂತೆ ಕರೆಂಟು ಚೋಕ್ ಕೇಬಲಿನಲ್ಲಿ ನುಸುಳುತ್ತಿತ್ತು. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. ಅಷ್ಟು ಹರಿಯುವಾಗ ಒಂದು ಓಮಿನ ಇನ್ನೂರನೇ ಒಂದು ಭಾಗದಷ್ಟು ತಡೆಯಿದ್ದರೂ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬೆಳಗಿನ ತಂಪಿನಲ್ಲಿ ಉಳಿದದ್ದರಲ್ಲೇ ಸೆಲ್ಫ್ ಹೇಗೋ ತಿರುಗುತ್ತಿತ್ತು. ಆದರೆ ಬಿಸಿ ಒಂದು ಡಿಗ್ರಿ ಏರಿದರೆ ತಾಮ್ರದ ತಡೆ ಶೇಕಡಾ 0.4ರಷ್ಟು ಏರುತ್ತದೆ. 60 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಕಾಲು ಭಾಗ. ಅದರ ಮೇಲೆ ನಮ್ಮ ಬಳ್ಳಾರಿಯ ಬಿಸಿಲು.

ಹೊಸ ದಪ್ಪ ಪಟ್ಟಿ ಹಾಕಿ, ಚಾಸಿಯ ಬಣ್ಣವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದರು. ಅದೇ ಬಿಸಿಯಲ್ಲಿ ಮತ್ತೆ ಹೊಡೆದಾಗ ಮೀಟರಿನಲ್ಲಿ 0.2. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಇಂಥ ಕೈಗಳು ಇರುವವರೆಗೆ ಈ ಗಾಡಿಗಳು ರಸ್ತೆಯ ಮೇಲಿರುತ್ತವೆ.

ಚಾಚಾ ಶಾಲೆಯಲ್ಲಿ ಎಷ್ಟು ಓದಿದ್ದಾರೋ ನಾನು ಕೇಳಿಲ್ಲ. ಆದರೆ “ಬಿಸಿಯಾಗಿರುವಾಗಲೇ ತೆಗೆದುಕೊಂಡು ಬಾ” ಎಂಬ ಮಾತು ಎಷ್ಟು ಜನರ ಬಾಯಲ್ಲಿ ಬರುತ್ತದೆ? ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿ ಗದ್ದೆಯಿರುವ ನನ್ನ ಗೆಳೆಯನದೂ ಇದೇ ದೂರು. ಪೈರು ಬಾಡುವ ದಿನ ಯಾರೂ ಬರುವುದಿಲ್ಲ, ಕಾಲುವೆ ತುಂಬಿ ಹರಿಯುವ ದಿನ ನೀರಾವರಿ ಇಲಾಖೆಯವರ ಜೀಪು ಬಂದು ನಿಲ್ಲುತ್ತದೆ, “ನೀರು ಬರುತ್ತಿದೆಯಲ್ಲ” ಎನ್ನುತ್ತಾರೆ. ನಮ್ಮ ಅಮ್ಮನಿಗೆ ಮಧ್ಯಾಹ್ನದ ಹೊತ್ತು ತಲೆ ಸುತ್ತುತ್ತದೆ. ನಾವು ತೋರಿಸುವುದು ಬೆಳಗ್ಗೆ ಹತ್ತಕ್ಕೆ, ಚೀಟಿ ಸಿಗುವುದು ಆಗಲೇ. ಬಿಪಿ ಸರಿಯಾಗಿದೆ, ವಯಸ್ಸಾಯಿತು ಎಂದು ಗುಳಿಗೆ ಬರೆದು ಕಳಿಸುತ್ತಾರೆ. ಅಮ್ಮ ಈಗೀಗ ಹೇಳುವುದನ್ನೇ ಬಿಟ್ಟಿದ್ದಾಳೆ. ನಿಜ ಹೇಳಿಯೂ ನಂಬಿಸಲಾಗದವರ ಆ ಸಂಕೋಚ ನನಗೆ ಬಹಳ ನೋವು ಕೊಡುತ್ತದೆ.

ನಿನ್ನೆ ಡಾಕ್ಟರಿಗೆ ಫೋನ್ ಮಾಡಿ, ಅಮ್ಮನನ್ನು ಮಧ್ಯಾಹ್ನ ಮೂರಕ್ಕೆ, ತಲೆ ಸುತ್ತುವ ಹೊತ್ತಿಗೇ ಕರೆತರುತ್ತೇನೆ, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿ ಎಂದು ಕೇಳಿಕೊಂಡೆ. ಮೊದಲು ಅದು ಅವರ ಊಟದ ಹೊತ್ತು ಎಂದರು. ಆಮೇಲೆ ಶನಿವಾರ ಬನ್ನಿ ಎಂದಿದ್ದಾರೆ.