ಇದು ನಾನು, ಇದು ನಮ್ಮಮ್ಮ

ಭಾನುವಾರದಿಂದ ಒಂದೇ ಮಾತು ತಲೆಯೊಳಗೆ ಗಿರಕಿ ಹೊಡೆಯುತ್ತಿದೆ. ಅಮ್ಮ ನನ್ನ ನೋಟ್‌ಬುಕ್ಕಿನ ಒಂದು ಚಿತ್ರದ ಮೇಲೆ ಬೆರಳಿಟ್ಟು, "ಇದು ನಾನು, ಇದು ನಮ್ಮಮ್ಮ" ಅಂದಳು. ನಾನು ಬರೆದಿದ್ದು ನನ್ನನ್ನು ಮತ್ತು ಅವಳನ್ನು.

ಅಮ್ಮ ಕಣ್ಣಿನ ಪೊರೆ ತೆಗೆಸೋಕೆ ಗುಬ್ಬಿ ಕಡೆಯ ನಮ್ಮೂರಿನಿಂದ ತುಮಕೂರಿಗೆ ಬಂದವಳು, ಆಪರೇಷನ್ ಆದಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಒಲೆ ಮುಂದೆ ನಿಲ್ಲಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ನಾಲ್ಕು ಗಂಟೆಗೊಮ್ಮೆ ಡ್ರಾಪ್ಸ್. ಕೆಲಸವಿಲ್ಲದೆ ಕೂತ ಅಮ್ಮ ಅಂದರೆ ಮನೆಯ ಪ್ರತಿ ಡಬ್ಬಿಯ ಮುಚ್ಚಳ ತೆಗೆದು ನೋಡುವ ಅಮ್ಮ. ಹಾಗೆ ನೋಡುತ್ತಾ ಹೋದವಳಿಗೆ ಅಕ್ಕಿ ಡಬ್ಬದ ಹಿಂದೆ ಈ ನೋಟ್‌ಬುಕ್ ಸಿಕ್ಕಿದೆ. ನಾಲ್ಕು ದಿನದಿಂದ ನಾನು ಅದನ್ನೇ ಹುಡುಕುತ್ತಿದ್ದೆ. ಅಲ್ಲಿಗೆ ಹೇಗೆ ಹೋಯಿತು ಅಂತ ಕೇಳಬೇಡಿ.

ಇನ್ನೂರು ಪುಟದ ಲಾಂಗ್ ನೋಟ್‌ಬುಕ್. ಪುಟಕ್ಕೆ ಆರು ಚೌಕ, ಒಂದೊಂದು ಚೌಕದಲ್ಲೂ ನಾನು. ನೈಟಿ, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್ಲು, ಕಣ್ಣಿಗೆ ಎರಡು ಚುಕ್ಕಿ. ನನಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಇದೆ ಅಂತ ಗೊತ್ತಾಗಿದ್ದು ಕಳೆದ ವರ್ಷ, ನನ್ನ 38ನೇ ವಯಸ್ಸಿನಲ್ಲಿ. ಡೈರಿ ಬರೆಯಿರಿ ಅಂದರು ಡಾಕ್ಟರು. ಮೂರು ಸಾಲಿನ ಮೇಲೆ ನನ್ನ ಕೈಲಿ ಆಗಲಿಲ್ಲ, ನಾಲ್ಕನೇ ಸಾಲಿನ ಹೊತ್ತಿಗೆ ಅಂಚಿನಲ್ಲಿ ಗಿಳಿ, ಕೊಡಪಾನ ಮೂಡಿರುತ್ತಿದ್ದವು. ಆಮೇಲೆ ಅಂಚನ್ನೇ ಪುಟ ಮಾಡಿಕೊಂಡೆ.

ಇಂಗ್ಲಿಷಿನಲ್ಲಿ ಇಂಥ ಚಿತ್ರಕಥೆಗಳು ರಾಶಿ ರಾಶಿ ಇವೆ, ಫೋನಿನಲ್ಲಿ ನೋಡಿದ್ದೇನೆ. ಅದರಲ್ಲಿನ ಹುಡುಗಿಯರು ಈಮೇಲ್‌ಗೆ ಉತ್ತರ ಬರೆಯೋದು ಮರೆಯುತ್ತಾರೆ, ಫ್ರಿಜ್ಜಿನಲ್ಲಿಟ್ಟ ಸೊಪ್ಪು ಕೊಳೆಸುತ್ತಾರೆ. ನನ್ನ ಕಥೆ ಶುರುವಾಗೋದು ನೀರು ಬಿಟ್ಟ ದಿನ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ನಮ್ಮ ಬೀದಿಗೆ ಬಂದಾಗ ಬಂತು, ಇಲ್ಲದಾಗ ಇಲ್ಲ. ಮೊದಲ ಚೌಕ: ನಲ್ಲಿ ತಿರುಗಿಸಿ, ಸಂಪು ತುಂಬೋದರೊಳಗೆ ಒಂದು ಲೋಟ ಕಾಫಿ ಕುಡಿಯೋಣ ಅಂತ ಒಳಗೆ ಹೋಗುವ ನಾನು. ಎರಡನೇದು: ಕಾಫಿಪುಡಿ ಡಬ್ಬ ಖಾಲಿ. ಮೂರನೇದು: ಖಾಲಿ ಹೇಗೂ ಆಗಿದೆಯಲ್ಲ, ತೊಳೆದುಬಿಡೋಣ. ನಾಲ್ಕನೇದು: ತೊಳೆದ ಡಬ್ಬ ಬಿಸಿಲಿಗಿಡಲು ಮಹಡಿಗೆ. ಐದನೇದು: ಮಹಡಿಯಲ್ಲಿ ಒಣಗಿದ ಬಟ್ಟೆ ಮಡಿಚುತ್ತಾ, ಪಕ್ಕದ ಮನೆಯ ನುಗ್ಗೆಮರದಲ್ಲಿ ಎಷ್ಟು ಕಾಯಿದೆ ಅಂತ ಎಣಿಸುತ್ತಾ ಕೂತ ನಾನು. ಆರನೇದು: ಬೀದಿಯೇ ಹೊಳೆ, ಎದುರು ಮನೆಯವರ ಚಪ್ಪಲಿ ತೇಲಿಕೊಂಡು ಹೋಗುತ್ತಿದೆ. ಎದುರು ಮನೆಯಾಕೆ ಒಳ್ಳೆಯವರೇ, ಆದರೆ ಆ ಚಪ್ಪಲಿಯ ವಿಷಯ ಇವತ್ತಿಗೂ ಬಿಟ್ಟಿಲ್ಲ.

ಇನ್ನೊಂದು ಪುಟ ಪ್ರೆಸ್ಸಿನದು. ನಾನು ಡಿಟಿಪಿ ಮಾಡೋದು, ಮದುವೆ ಕಾರ್ಡುಗಳೇ ಹೆಚ್ಚು. ಒಂದು ಕಾರ್ಡಿನ ಗಣಪತಿಯ ಸೊಂಡಿಲಿನ ಸುರುಳಿ ಸರಿಯಾಗಿ ಬರಲಿಲ್ಲವೆಂದು ಮೂರು ಗಂಟೆ ಅದನ್ನೇ ತಿದ್ದಿದೆ. ಊಟಕ್ಕೆ ಕರೆದಿದ್ದೂ ಕೇಳಿಸಲಿಲ್ಲ. ಸೊಂಡಿಲು ಎಷ್ಟು ಚೆನ್ನಾಗಿ ಬಂತೆಂದರೆ, ಗುರುವಾರದ ಮುಹೂರ್ತ ಬುಧವಾರ ಅಂತ ಅಚ್ಚಾಗಿದ್ದು 400 ಕಾರ್ಡ್ ಮುಗಿಯುವವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮ ಓನರ್‌ಗೆ ಒಂದು ತಪ್ಪನ್ನು ಮೂರು ಸಲ ಹೇಳದಿದ್ದರೆ ಊಟ ಸೇರುವುದಿಲ್ಲ. ಆ ದಿನ ಹೊಟ್ಟೆ ತುಂಬ ಉಂಡರು.

ಈ ಪುಟ ನೋಡಿ ನಮ್ಮನೆಯವರು ಕೇಳಿದ್ದರು, "ಸೊಂಡಿಲಿಗೆ ಮೂರು ಗಂಟೆ ಗಮನ ಇರುತ್ತೆ, ಗ್ಯಾಸ್ ಆಫ್ ಮಾಡೋಕೆ ಯಾಕಿರಲ್ಲ?" ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಅವರು ಲೆಕ್ಕದ ಮನುಷ್ಯ, ಪಾಸ್‌ಬುಕ್ ತಾಳೆಯಾಗದಿದ್ದರೆ ನಿದ್ದೆ ಬರಲ್ಲ. ಹೆಸರಿನಲ್ಲೇ ಗಮನದ ಕೊರತೆ ಅಂತಿದೆ, ಜನ ಕೊರತೆಯನ್ನೇ ಹುಡುಕುತ್ತಾರೆ. ಗಮನವೇನೋ ನನ್ನ ಹತ್ತಿರ ಬೇಕಾದಷ್ಟಿದೆ. ಹಗ್ಗ ಬಿಚ್ಚಿಕೊಂಡ ಕರುವಿನ ಹಾಗೆ ಅದು ಹೋದಲ್ಲಿಗೆ ನಾನು ಹೋಗುತ್ತೇನೆ, ನಾನು ಕರೆದಲ್ಲಿಗೆ ಅದು ಬರುವುದಿಲ್ಲ. ಗುಬ್ಬಿಯಲ್ಲಿ ಇಳಿಯಬೇಕಾದವಳು ಕಣ್ಣು ಬಿಟ್ಟುಕೊಂಡೇ ನಿಟ್ಟೂರಿಗೆ ಹೋಗಿ ಇಳಿದಿದ್ದೇನೆ, ಒಂದಲ್ಲ, ಎರಡು ಸಲ.

ಈಗ ಅಮ್ಮ ಬೆರಳಿಟ್ಟ ಪುಟ. ನಾಲ್ಕನೇ ಕ್ಲಾಸಿನ ನನ್ನನ್ನು ಬೆಲ್ಲ ತರಲು ಅಂಗಡಿಗೆ ಕಳಿಸಿದ್ದಾರೆ. ದಾರಿಯಲ್ಲಿ ಕುಲುಮೆ. ತಿದಿ ಊದಿದಾಗ ಕೆಂಡ ಕೆಂಪಾಗೋದು, ಬಿಟ್ಟಾಗ ಮಂಕಾಗೋದು. ಅದನ್ನು ನೋಡುತ್ತಾ ನಿಂತೆ. ಬೆಲ್ಲವೂ ಇಲ್ಲ, ದುಡ್ಡೂ ಇಲ್ಲ, ಕತ್ತಲಾದಮೇಲೆ ಮನೆ. ಕೊನೆಯ ಚೌಕದಲ್ಲಿ ಹೊಸಿಲ ಮೇಲೆ ಒಬ್ಬ ಹೆಂಗಸು. ಅರ್ಧ ಚೌಕ ಅವಳ ಬಾಯಿಯೇ ತುಂಬಿದೆ. ಉಳಿದರ್ಧದಲ್ಲಿ "ತಲೆ ಎಲ್ಲಿ ಬಿಟ್ಟು ಬಂದೇ?" ಅನ್ನುವ ಮಾತು. ಕೆಳಗೆ ಮೂಲೆಯಲ್ಲಿ ಹೆಬ್ಬೆರಳಷ್ಟು ಹುಡುಗಿ.

ಆ ಬಾಯಿ ಬರೆಯುವಾಗ ನನಗೆ ಸಣ್ಣದೊಂದು ಖುಷಿ ಇತ್ತು, ಸುಳ್ಳೇಕೆ ಹೇಳಲಿ. ಹಲ್ಲುಗಳನ್ನೂ ಒಂದೊಂದಾಗಿ ಬರೆದಿದ್ದೆ.

ಅಮ್ಮ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳು ಹುಡುಗಿಯ ಮೇಲೆ ಬೆರಳಿಟ್ಟು "ಇದು ನಾನು" ಅಂದಳು. ಬೆರಳು ಬಾಯಿಯ ಮೇಲೆ ಹೋಯಿತು. "ಇದು ನಮ್ಮಮ್ಮ." ಆಮೇಲೆ ನನ್ನ ಕಡೆ ತಿರುಗಿ, "ಕುಲುಮೆ ಮುಂದೆ ನಿಂತಿದ್ದು ನಿಂಗ್ಯಾರೇ ಹೇಳಿದ್ರು? ನಾನು ಯಾರಿಗೂ ಹೇಳೇ ಇಲ್ವಲ್ಲ!"

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. "ಅಜ್ಜಿ ಹೇಳಿದ್ಲು" ಅಂದುಬಿಟ್ಟೆ. ಅಜ್ಜಿ ತೀರಿಕೊಂಡಾಗ ನನಗೆ ಮೂರು ವರ್ಷ. ಅದನ್ನು ಅಮ್ಮ ಲೆಕ್ಕ ಹಾಕಲಿಲ್ಲ, ಅಥವಾ ಹಾಕಿಯೂ ಸುಮ್ಮನಾದಳು.

ಕಳೆದ ವರ್ಷದ ಬೆಂಗಳೂರು ಪ್ರಯಾಣ ನೆನಪಾಗಿದ್ದು ಆಗಲೇ. ದೊಡ್ಡವರಿಗೆ ಎಡಿಎಚ್‌ಡಿ ಅನ್ನಬೇಕಾದರೆ 12 ವರ್ಷದೊಳಗೇ ಲಕ್ಷಣ ಕಾಣಿಸಿಕೊಂಡಿರಬೇಕು ಅನ್ನುತ್ತದೆ 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ. ಅದಕ್ಕೂ ಮುಂಚೆ 7 ವರ್ಷದೊಳಗೆ ಅಂತಿತ್ತಂತೆ. ಚಿಕ್ಕಂದಿನಲ್ಲಿ ನಿಮ್ಮನ್ನು ನೋಡಿದವರನ್ನು ಕರೆದುಕೊಂಡು ಬನ್ನಿ ಅಂದಿದ್ದರು ಡಾಕ್ಟರು. ಬೆಳಗಿನ ರೈಲಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋದೆ. ವಸ್ತು ಕಳೆಯುತ್ತಿದ್ದಳಾ? "ಮಕ್ಕಳು ಅಂದ್ಮೇಲೆ ಕಳೀತವೆ ಸಾರ್." ಹೇಳಿದ್ದು ಕೇಳಿಸಿಕೊಳ್ಳುತ್ತಿರಲಿಲ್ಲವಾ? "ಯಾರು ಕೇಳ್ತಾರೆ ಸಾರ್?" ಹಿಡಿದ ಕೆಲಸ ಅರ್ಧಕ್ಕೆ ಬಿಡುತ್ತಿದ್ದಳಾ? "ನಾನೂ ಬಿಡ್ತೀನಿ." ಹೊರಗೆ ಬಂದಮೇಲೆ ಅವಳ ಮೇಲೆ ರೇಗಿದ್ದೆ. ಬೈಯುವಾಗ ನೀನು ಬಾಯಿ ತುಂಬ ಬೈದೆ, ಈಗ ಸಾಕ್ಷಿ ಹೇಳು ಅಂದರೆ ಎಲ್ಲ ಮಕ್ಕಳೂ ಹಾಗೇ ಅಂತೀಯ ಅಂತ. ಕೊನೆಗೆ ಸಾಕ್ಷಿ ಹೇಳಿದ್ದು ನನ್ನ ಪ್ರೈಮರಿ ಸ್ಕೂಲಿನ ಮಾರ್ಕ್ಸ್ ಕಾರ್ಡು, ಮೂರು ವರ್ಷವೂ ಒಂದೇ ಷರಾ: ಗಮನ ಸಾಲದು.

ಅಮ್ಮ ಸುಳ್ಳು ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದ ಮಗು ಒಂದೇ ಥರದ್ದು, ಅವಳ ಥರದ್ದು. ಸೆರಗಿನ ತುದಿಯಲ್ಲಿ ಮೂರು ಗಂಟು ಹಾಕಿಕೊಂಡು ಓಡಾಡುವವಳು ಅವಳು. ಒಂದು ಚೀಟಿ ದುಡ್ಡಿಗೆ, ಒಂದು ಹಸುವಿನ ಹಿಂಡಿಗೆ, ಮೂರನೇದು ಯಾಕೆ ಹಾಕಿದ್ದು ಅಂತ ಸಂಜೆವರೆಗೂ ಯೋಚಿಸುವವಳು. ಇದು ರಕ್ತದಲ್ಲಿ ಬರುವುದೇ ಹೆಚ್ಚು ಅಂತ ಡಾಕ್ಟರೂ ಹೇಳಿದ್ದರು. ಹಾಗಂತ ಅಮ್ಮನಿಗೆ ನಾನು ಹಣೆಪಟ್ಟಿ ಅಂಟಿಸಲಾರೆ, ನಾನೇನು ಡಾಕ್ಟರಲ್ಲ. ಆದರೆ "ತಲೆ ಎಲ್ಲಿ ಬಿಟ್ಟು ಬಂದೇ" ಅನ್ನುವ ಬೈಗುಳ ರಕ್ತದಲ್ಲಿ ಬಂದದ್ದಲ್ಲ. ಅಜ್ಜಿ ಅಮ್ಮನಿಗೆ ಅಂದಿದ್ದನ್ನು ಅಮ್ಮ ಅಕ್ಷರ ತಪ್ಪದೆ ನನಗೆ ಅಂದಳು. ಎಲ್ಲ ಮರೆಯುವ ಅಮ್ಮ ಅದೊಂದನ್ನು ಮರೆತಿರಲಿಲ್ಲ. ಲಂಡನ್ನಿನಲ್ಲಿ 1902ರಲ್ಲಿ ಜಾರ್ಜ್ ಸ್ಟಿಲ್ ಅನ್ನುವ ಮಕ್ಕಳ ವೈದ್ಯ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ ನೈತಿಕ ಹತೋಟಿಯ ದೋಷ ಅಂದಿದ್ದರಂತೆ. ನಮ್ಮಜ್ಜಿ ಅದನ್ನೇ ಕಡಿಮೆ ಪದಗಳಲ್ಲಿ ಹೇಳುತ್ತಿದ್ದಳು ಅನ್ನಿ.

ತನ್ನ ತಲೆಯ ತಾಪತ್ರಯವನ್ನು ತಾನೇ ಚಿತ್ರಕಥೆ ಮಾಡುವವರಿಗೆ ಹಿರಿಯಣ್ಣ ಅಂದರೆ ಅಮೆರಿಕದ ಜಸ್ಟಿನ್ ಗ್ರೀನ್. ಅವರದು ಗೀಳು ಕಾಯಿಲೆ, ಅದರ ಬಗ್ಗೆ ಅವರ ಚಿತ್ರಕಥೆ ಬಂದಿದ್ದು 1972ರಲ್ಲಿ. ಅದರ ಶುರುವಿನಲ್ಲೇ ತನ್ನನ್ನು ಕಟ್ಟಿಹಾಕಿ ತಲೆಕೆಳಗಾಗಿ ನೇತುಹಾಕಿಕೊಂಡು, ಬಾಯಲ್ಲಿ ಪೆನ್ನು ಕಚ್ಚಿ ಬರೆಯುತ್ತಿರುವಂತೆ ಚಿತ್ರಿಸಿಕೊಂಡಿದ್ದಾರೆ. ನಾನು ಮೆಚ್ಚಿದ್ದು ಅದನ್ನೇ. ತನ್ನನ್ನು ಗೇಲಿ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಕಥೆಯಲ್ಲಿ ಒಬ್ಬರೇ ಇರೋದಿಲ್ಲವಲ್ಲ. ಓನರ್ರು, ಎದುರು ಮನೆಯಾಕೆ, ಅಮ್ಮನ ಹಲ್ಲು, ಇವರನ್ನೆಲ್ಲ ನಾನು ಕೇಳಿ ಬರೆದಿಲ್ಲ. ನನಗೆ ಕಾಯಿಲೆಯ ಹೆಸರು ಸಿಕ್ಕಿತು, ಚೀಟಿ ಬರೆದುಕೊಟ್ಟರೆ ಮಾತ್ರೆ ಸಿಗುತ್ತೆ, ಪೆನ್ಸಿಲ್ಲೂ ನನ್ನ ಕೈಲೇ ಇದೆ. ಅಮ್ಮನಿಗೆ ಸಿಕ್ಕಿದ್ದು ಬರೀ ಬಾಯಿ.

ಪೊರೆ ತೆಗೆದಿರೋದು ಒಂದೇ ಕಣ್ಣಿಂದ, ಸರಿಯಾಗಿ ಕಾಣಿಸದೆ ಹಾಗಂದಳೇನೋ ಅಂತ ಎರಡು ದಿನ ಸಮಾಧಾನ ಮಾಡಿಕೊಂಡೆ. ಆದರೆ ಆ ಬಾಯಿ ಪೊರೆಗಣ್ಣಿಗೂ ಕಾಣುವಷ್ಟು ದೊಡ್ಡದು. ಹೊಸಿಲ ಹೆಂಗಸಿಗೆ ನಾನು ಬರೆದಿದ್ದ ಮೂಗುಬೊಟ್ಟು ಅಮ್ಮನದೇ, ಅಜ್ಜಿ ಮೂಗು ಚುಚ್ಚಿಸಿಕೊಂಡೇ ಇರಲಿಲ್ಲವಂತೆ. ಗೊತ್ತಿದ್ದೂ ಹಾಗಂದಳಾ? ಕೇಳೋಣ ಅಂತ ಎದ್ದು ಒಳಗೆ ಹೋಗುತ್ತೇನೆ, ಹೋದಮೇಲೆ ಯಾಕೆ ಬಂದೆ ಅಂತ ಮರೆತವಳ ಹಾಗೆ ನೀರು ಕುಡಿದು ಬರುತ್ತೇನೆ. ಈ ಒಂದು ಸಲ ಮಾತ್ರ ಅದು ನಾಟಕ.

ಬುಧವಾರ ಅಮ್ಮನೇ ನೋಟ್‌ಬುಕ್ ತಂದುಕೊಟ್ಟಳು. "ಒಂದು ಬಿಟ್ಟುಬಿಟ್ಟಿದ್ದೀಯ ನೋಡು. ಹರಿಕಥೆ ಕೇಳ್ತಾ ಕೂತು ಮುದ್ದೆ ಎಸರು ಸೀದು ತಪ್ಪಲೆ ತೂತಾಗಿತ್ತಲ್ಲ, ಅದು." ಆ ತಪ್ಪಲೆಯನ್ನು ಅಜ್ಜಿಗೆ ಗೊತ್ತಾಗದ ಹಾಗೆ ಬಾವಿಗೆ ಹಾಕಿದ್ದು, ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಅದು ಮೇಲೆ ಬಂದಿದ್ದು, ಎಲ್ಲ ಹೇಳಿದಳು. ಹೇಳುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಣ್ಣು ಒರೆಸಿಕೊಳ್ಳಬೇಡ ಅಂತ ನಾನು ಕೈ ಹಿಡಿದುಕೊಂಡೆ.

ಸ್ಕೇಲ್ ಹುಡುಕಿ ಚೌಕ ಹಾಕಿದೆ. ತಪ್ಪಲೆಯ ತೂತಿನ ಅಂಚು ಮಾತ್ರ ಎಷ್ಟು ತಿದ್ದಿದರೂ ಸರಿ ಬರುತ್ತಿರಲಿಲ್ಲ. ಅಮ್ಮ ಪಕ್ಕದಲ್ಲೇ ಕೂತು, "ಇನ್ನೂ ದೊಡ್ಡದಿತ್ತು ಕಣೇ, ಇನ್ನೂ" ಅನ್ನುತ್ತಿದ್ದಳು. 12 ಗಂಟೆಗೆ ಹಾಕಬೇಕಿದ್ದ ಡ್ರಾಪ್ಸ್ ನಮ್ಮಿಬ್ಬರಲ್ಲಿ ಯಾರಿಗೂ ನೆನಪಾಗಲಿಲ್ಲ. ತಲೆ ಎತ್ತಿ ನೋಡಿದಾಗ ಗಂಟೆ ಎರಡೂಮುಕ್ಕಾಲು.