“ಆಂಪ್ ಎಲ್ಲಿ?” ಅಂತ ಕೇಳುವವರಿಗೆ

ಮನೆಗೆ ಬಂದವರು ಮೊದಲು ಗೋಡೆಗೆ ಒರಗಿಸಿಟ್ಟ ಗಿಟಾರ್ ನೋಡುತ್ತಾರೆ. ಆಮೇಲೆ ಮೂಲೆ, ಮೇಜಿನ ಅಡಿ, ಮಂಚದ ಕೆಳಗೆ ಎಲ್ಲಾ ಕಣ್ಣಾಡಿಸುತ್ತಾರೆ. ಆಮೇಲೆ ಕೇಳುತ್ತಾರೆ. “ಆಂಪ್ ಎಲ್ಲಿ? ಆಂಪ್ ಇಲ್ದೆ ಎಲೆಕ್ಟ್ರಿಕ್ ಗಿಟಾರ್ ಹೇಗೆ ನುಡಿಸ್ತೀಯಾ?” ಆಂಪ್ ಅಂದರೆ ಆಂಪ್ಲಿಫೈಯರ್, ಗಿಟಾರ್ ಸದ್ದನ್ನು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗಿಟಾರ್‌ನಿಂದ ಕಾಲಲ್ಲಿ ಒತ್ತುವ ಪ್ರೀಆಂಪ್ ಪೆಡಲ್‌ಗೆ ಒಂದು ವೈರ್. ಅಲ್ಲಿಂದ ಕ್ಯಾಬ್ ಸಿಮ್ಯುಲೇಟರ್ (ಕ್ಯಾಬ್ ಅಂದರೆ ಸ್ಪೀಕರ್ ಕೂರಿಸಿದ ಪೆಟ್ಟಿಗೆ) ಅನ್ನೋ ಅಂಗೈಯಷ್ಟು ಡಬ್ಬಿಗೆ ಇನ್ನೊಂದು. ಅಲ್ಲಿಂದ ಹೆಡ್‌ಫೋನ್. ಆಂಪ್‌ನ ಒಳಗೆ ಸ್ವರ ಒಡೆದು ಗರಗರ ಅನ್ನುತ್ತದಲ್ಲ, ಆ ಕೆಲಸ ಪೆಡಲ್‌ದು. ಸ್ಪೀಕರ್ ಮತ್ತು ಅದರ ಮುಂದಿನ ಮೈಕ್ ಮಾಡುವ ಕೆಲಸ ಡಬ್ಬಿಯದು. ಇಷ್ಟೇ.

ಇಷ್ಟು ಹೇಳಿದ ಮೇಲೂ ಬಿಡುವುದಿಲ್ಲ. “ಅದು ಸರಿ, ನಿಜವಾದ ಆಂಪ್ ಯಾವಾಗ ತಗೋತೀಯಾ?” ನನಗೆ ಸಿಟ್ಟು ಬರುವುದು ಈ ‘ನಿಜವಾದ’ ಅನ್ನೋ ಮಾತಿಗೆ. ಮಲ್ಲೇಶ್ವರದ ನಮ್ಮ ಚಿಕ್ಕಮ್ಮ ದಿನಾ ಬೆಳಗ್ಗೆ ಎಲೆಕ್ಟ್ರಾನಿಕ್ ತಂಬೂರಿ ಹಾಕಿಕೊಂಡು ಹಾಡುತ್ತಾರೆ. ಅದು ಇದೇ ಬೆಂಗಳೂರಿನ ರಾಡೆಲ್ ಕಂಪನಿ ಮಾಡಿದ್ದು. ಅವರ ಹಾಡು ಸುಳ್ಳು ಅಂತ ಯಾರೂ ಹೇಳಿಲ್ಲ, ಹೇಳಬಾರದು ಕೂಡ. ಶ್ರುತಿ ಸರಿಯಿದೆ, ಕಿವಿ ಸರಿಯಿದೆ, ಸಾಧನೆ ನಡೀತಿದೆ. ನನ್ನದೂ ಅದೇ ತರಹದ ಸಾಧನೆ.

ನಾನಿರುವುದು ವಿಜಯನಗರದಲ್ಲಿ, ಬಾಡಿಗೆ ಮನೆ, ಎರಡನೇ ಮಹಡಿ. ಕೆಲಸ ಮುಗಿಸಿ, ಟ್ರಾಫಿಕ್ ದಾಟಿ, ಊಟ ಮಾಡಿ ಗಿಟಾರ್ ಹಿಡಿಯುವಾಗ ಗಂಟೆ ಹತ್ತು. ಕೆಳಗೆ ಓನರ್ ಮನೆಯ ಅಜ್ಜಿ ಮಲಗಿರುತ್ತಾರೆ, ಮೊಮ್ಮಗ ಪಿಯುಸಿ ಪರೀಕ್ಷೆಗೆ ಓದುತ್ತಿರುತ್ತಾನೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಗಿಟಾರ್ ಸ್ಪೀಕರ್‌ಗೆ ಬರೀ 1 ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಆಸುಪಾಸು ಬರುತ್ತದೆ. “ಚಿಕ್ಕ ಆಂಪ್ ತಗೊಂಡ್ರಾಯ್ತು” ಅನ್ನುವವರು ಈ ಲೆಕ್ಕ ನೋಡಿ. ಅದರಲ್ಲೂ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್ ಇರುವ ವಾಲ್ವ್ ಆಂಪ್ ಚೆನ್ನಾಗಿ ಹಾಡುವುದು ಜೋರಾಗಿಟ್ಟಾಗಲೇ.

ಆದರೆ ನಾನು ಡಬ್ಬಿ ಕೊಂಡಿದ್ದು ಅಜ್ಜಿಗೋಸ್ಕರ ಅಲ್ಲ. ಅದಕ್ಕೆ ಕಾರಣ ಒಂದು ರಾಜ್ಯೋತ್ಸವ.

2016ರ ನವೆಂಬರ್. ನಮ್ಮ ಬಡಾವಣೆಯ ಸಂಘದವರು ಶಾಮಿಯಾನ ಹಾಕಿಸಿ ಆರ್ಕೆಸ್ಟ್ರಾ ಇಟ್ಟಿದ್ದರು. ಗಿಟಾರ್ ನಂದು. ಆಟೋದಲ್ಲಿ ಆಂಪ್ ಹೊತ್ತು ತರುವುದು ಬೇಡ, ನೇರ ಮಿಕ್ಸರ್‌ಗೆ ಕೊಡೋಣ ಅಂದುಕೊಂಡೆ. ಸೌಂಡ್ ಸಿಸ್ಟಂನ ಹುಡುಗ “ಆಂಪ್ ತಂದಿಲ್ವಾ ಸಾರ್?” ಅಂದ. ಇಲ್ಲ ಅಂದೆ. ಸ್ವರ ಗರಗರ ಮಾಡುವ ಡಿಸ್ಟಾರ್ಷನ್ ಪೆಡಲ್‌ನಿಂದ ವೈರ್ ಸೀದಾ ಮಿಕ್ಸರ್‌ಗೆ ಹೋಯಿತು. ಮೊದಲ ಎರಡು ಹಾಡಿಗೆ ಪೆಡಲ್ ಆಫ್ ಇತ್ತು, ಏನೂ ತೊಂದರೆಯಿಲ್ಲ. ಮೂರನೇ ಹಾಡಿನ ಸೋಲೋಗೆ ಪೆಡಲ್ ಒತ್ತಿದೆ. ಆ ದೊಡ್ಡ ಸ್ಪೀಕರ್‌ಗಳಿಂದ ಬಂದದ್ದು ಸೊಳ್ಳೆ ಬ್ಯಾಟಿನ ಚಟಚಟ ಮತ್ತು ಜೇನುಗೂಡಿಗೆ ಕಲ್ಲು ಬಿದ್ದ ಸದ್ದು, ಎರಡೂ ಒಟ್ಟಿಗೆ. ಮುಂದಿನ ಸಾಲಿನ ತಾತ ಒಬ್ಬರು ಎದ್ದು ಬಂದು ಹುಡುಗನಿಗೆ ಹೇಳಿದರು: “ಎಲ್ಲೋ ಶಾರ್ಟ್ ಆಗ್ತಿದೆ ನೋಡಪ್ಪಾ, ಮಕ್ಕಳಿದ್ದಾರೆ ಇಲ್ಲಿ.” ಹುಡುಗ ಓಡಿ ಹೋಗಿ ವೈರ್ ಎಲ್ಲಾ ಮುಟ್ಟಿ ನೋಡಿದ. ಎಲ್ಲೂ ಶಾರ್ಟ್ ಆಗಿರಲಿಲ್ಲ.

ಅದೇ ಪೆಡಲ್, ಅದೇ ಗಿಟಾರ್, ಅದೇ ಸೋಲೋ ಆಂಪ್‌ನಲ್ಲಿ ಚೆನ್ನಾಗಿ ಬರುತ್ತಿತ್ತು. ಹಾಗಾದರೆ ತಪ್ಪಿದ್ದೆಲ್ಲಿ ಅಂತ ಆ ರಾತ್ರಿಯೇ ಓದಲು ಕೂತೆ.

ಗಿಟಾರ್‌ನ ದಪ್ಪ ತಂತಿಯ ಸ್ವರ 82 ಹರ್ಟ್ಸ್, ಅಂದರೆ ಸೆಕೆಂಡಿಗೆ 82 ಕಂಪನ. 24 ಫ್ರೆಟ್ (ಕತ್ತಿನ ಮೇಲಿನ ಅಡ್ಡ ಪಟ್ಟಿ) ಇರುವ ಗಿಟಾರ್‌ನ ತುತ್ತತುದಿಯ ಸ್ವರ ಸುಮಾರು 1300 ಹರ್ಟ್ಸ್. ಅದರ ಮೇಲಿನದೆಲ್ಲಾ ಆ ಸ್ವರಗಳ ಉಪಸ್ವರಗಳು, ಅಂದರೆ ಸ್ವರದ ಜೊತೆಗೇ ಸಣ್ಣಗೆ ಹುಟ್ಟುವ ಮೇಲಿನ ಸ್ವರಗಳು. ಡಿಸ್ಟಾರ್ಷನ್ ಅಂದರೆ ಅಲೆಯ ನೆತ್ತಿ ಕತ್ತರಿಸುವುದು. ಕತ್ತರಿಸಿದಾಗ ಹೊಸ ಉಪಸ್ವರಗಳು ರಾಶಿ ರಾಶಿ ಹುಟ್ಟಿ ಮೇಲಕ್ಕೆ ಹರಡುತ್ತವೆ. ಗಿಟಾರ್ ಆಂಪ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ಇಂಚಿನ ಸ್ಪೀಕರ್, ಅದರಲ್ಲಿ ಅಲುಗುವುದು ಕಾಗದದ ಕೋನ್. ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ಅದು ಸೋಲುತ್ತದೆ, ಸದ್ದು ಕಡಿದಾಗಿ ಇಳಿದುಬಿಡುತ್ತದೆ. ಅಂದರೆ ಆ ಕೋನ್ ಒಂದು ಜರಡಿ. ಕಾರ್ಯಕ್ರಮದ ಸ್ಪೀಕರ್‌ಗಳಿಗೆ, ಹೆಡ್‌ಫೋನ್‌ಗಳಿಗೆ ಆ ಜರಡಿ ಇಲ್ಲ. ಅವು ಕೊಟ್ಟದ್ದನ್ನೆಲ್ಲಾ ಕೇಳಿಸುತ್ತವೆ, ತೌಡೂ ಸೇರಿ.

ಇದು ಗೊತ್ತಾದಾಗ ನನಗೆ ನಿಜಕ್ಕೂ ಮೈ ಜುಮ್ ಅಂದಿತ್ತು. ಸ್ಪೀಕರ್ ಇರುವುದು ಸದ್ದು ಜೋರು ಮಾಡುವುದಕ್ಕೆ ಅಂತಲೇ ಅಲ್ಲಿಯವರೆಗೆ ನಂಬಿದ್ದೆ. ಅದು ವಾದ್ಯದ ಅರ್ಧ ಭಾಗ. ವೀಣೆಗೆ ಕೊಡ ಇದ್ದ ಹಾಗೆ.

ಸಿಮ್ಯುಲೇಟರ್ ಕೊಡುವುದು ಆ ಅರ್ಧ ಭಾಗವನ್ನು. ಖಾಲಿ ಕಲ್ಯಾಣ ಮಂಟಪದಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ತಿರುಗಿ ಬರುವ ಸದ್ದಿನಲ್ಲಿ ಆ ಮಂಟಪದ ಗುಣವೆಲ್ಲಾ ಇರುತ್ತದೆ. ಸ್ಪೀಕರ್‌ನದ್ದೂ ಹಾಗೇ ಹಿಡಿಯುತ್ತಾರೆ. ಕೆಳಗಿನ ಸ್ವರದಿಂದ ಮೇಲಿನವರೆಗೆ ಜಾರುವ ಒಂದು ನಾದ ಕಳಿಸಿ, ಮೈಕ್ ಕೇಳಿದ್ದನ್ನು ರೆಕಾರ್ಡ್ ಮಾಡಿ, ಲೆಕ್ಕ ಹಾಕಿ ಒಂದು ಪುಟ್ಟ ಫೈಲ್ ಮಾಡುತ್ತಾರೆ. ಅದಕ್ಕೆ ಐಆರ್ ಅಂತಾರೆ, ಇಂಪಲ್ಸ್ ರೆಸ್ಪಾನ್ಸ್. ನನ್ನ ಡಬ್ಬಿ ಅದರಲ್ಲಿ ಬಳಸುವುದು ಸುಮಾರು 40 ಮಿಲಿಸೆಕೆಂಡ್ ಮಾತ್ರ. ಸೆಲೆಸ್ಟಿಯನ್ ಅಂತ ಗಿಟಾರ್ ಸ್ಪೀಕರ್‌ಗೇ ಹೆಸರಾದ ಕಂಪನಿ ಇದೆ, ಅವರೇ ತಮ್ಮ ಸ್ಪೀಕರ್‌ಗಳ ಐಆರ್ ಮಾರುತ್ತಾರೆ. ಇನ್ನು ನಿಜ ಯಾವುದು, ಸುಳ್ಳು ಯಾವುದು?

ಮೈಕ್ ಇಟ್ಟ ಜಾಗವೂ ಆ ಫೈಲಿನಲ್ಲೇ ಇರುತ್ತದೆ. ಕೋನ್‌ನ ನಡುವಿನ ಟೋಪಿಯ ಎದುರಿಗೇ ಮೈಕ್ ಇದ್ದರೆ ಸ್ವರ ಚೂಪು. ಎರಡು ಬೆರಳು ಆಚೆ ಸರಿಸಿದರೆ ಮೆತ್ತಗಾಗುತ್ತದೆ. ಒಂದಿಡೀ ಭಾನುವಾರ ನಾನು ಈ ಎರಡು ಬೆರಳಿನ ಅಂತರವನ್ನೇ ಕೇಳುತ್ತಾ ಕೂತಿದ್ದೆ. ನುಡಿಸಿದ್ದು ಒಂದೇ ಸ್ವರಗುಚ್ಛ, ಹಾಕಿ ನೋಡಿದ್ದು ಏಳೆಂಟು ಫೈಲ್. ಕಾಫಿ ಆರಿ ತಣ್ಣಗಾಗಿತ್ತು.

ಮುಂದಿನ ವರ್ಷ ಅದೇ ಶಾಮಿಯಾನ, ಅದೇ ಹುಡುಗ, ಅದೇ ಮಿಕ್ಸರ್. ನಡುವೆ ಡಬ್ಬಿ ಇತ್ತು. ಸೋಲೋ ಬಂದಾಗ ಯಾರೂ ವೈರ್ ಮುಟ್ಟಲಿಲ್ಲ.

ಡಬ್ಬಿ ತಗೊಳ್ಳೋಣ ಅಂತಿರುವ ಹುಡುಗರಿಗೆ ಎರಡು ಮಾತು. ಮಾಮೂಲಿ ಗಿಟಾರ್ ಆಂಪ್‌ಗೆ ಹಾಕುವಾಗ ಸಿಮ್ಯುಲೇಟರ್ ಆಫ್ ಮಾಡಿ. ಇಲ್ಲದಿದ್ದರೆ ಎರಡೆರಡು ಸಲ ಜರಡಿ ಹಿಡಿದು ಸ್ವರ ಕಂಬಳಿ ಹೊದ್ದ ಹಾಗೆ ಆಗುತ್ತದೆ. ಎರಡನೆಯದು ಮುಖ್ಯ. ಸಿಮ್ಯುಲೇಟರ್ ಇದೆಯಲ್ಲ ಅಂತ ವಾಲ್ವ್ ಆಂಪ್‌ನ ಸ್ಪೀಕರ್ ವೈರ್ ಕಿತ್ತು ನುಡಿಸಬೇಡಿ. ಅದಕ್ಕೆ ಸ್ಪೀಕರ್ ಅಥವಾ ಲೋಡ್ ಬಾಕ್ಸ್ (ಸ್ಪೀಕರ್ ಬದಲು ಆಂಪ್‌ನ ಶಕ್ತಿ ಹೀರಿಕೊಳ್ಳುವ ಪೆಟ್ಟಿಗೆ) ಇರಲೇಬೇಕು. ಇಲ್ಲದಿದ್ದರೆ ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಕೇಳಿದ್ದರೆ ಕೂರಿಸಿ, ಕಾಫಿ ಕೊಟ್ಟು ಹೇಳುತ್ತಿದ್ದೆ. ‘ಹೆಡ್‌ಫೋನ್‌ನಲ್ಲಿ ಏನು ಸಿಗಲ್ಲ?’

ಗಾಳಿ ಸಿಗಲ್ಲ. ಜೋರಾದ ಆಂಪ್ ಮುಂದೆ ನಿಂತರೆ ಸ್ಪೀಕರ್ ತಳ್ಳಿದ ಗಾಳಿ ಪ್ಯಾಂಟಿಗೆ ಬಡಿಯುತ್ತದೆ, ತಂತಿಗೂ ಬಡಿಯುತ್ತದೆ. ತಂತಿ ಅಲುಗಿದ್ದು ಮತ್ತೆ ಸ್ಪೀಕರ್‌ಗೆ ಹೋಗುತ್ತದೆ, ಸ್ಪೀಕರ್ ಮತ್ತೆ ತಂತಿ ಅಲುಗಿಸುತ್ತದೆ. ಮತ್ತೆ ಮೀಟದಿದ್ದರೂ ಸ್ವರ ನಿಲ್ಲುವುದಿಲ್ಲ. ನನ್ನ ಡಬ್ಬಿಯಲ್ಲಿ ಇದು ಇಲ್ಲ. ನನಗೆ ಇದು ಬೇಕು, ತುಂಬಾ ಬೇಕು.

ಅದಕ್ಕೇ ತಿಂಗಳಿಗೊಮ್ಮೆ ಬನಶಂಕರಿ ಕಡೆಯ ಒಂದು ಜ್ಯಾಮ್ ರೂಮಿಗೆ, ಅಂದರೆ ಬ್ಯಾಂಡ್‌ನವರು ಅಭ್ಯಾಸ ಮಾಡುವ ಬಾಡಿಗೆ ಕೋಣೆಗೆ ಹೋಗುತ್ತೇನೆ. ಒಬ್ಬನೇ, ಒಂದು ಗಂಟೆ. ಅಲ್ಲಿ ನಾಲ್ಕು ಸ್ಪೀಕರ್‌ನ ದೊಡ್ಡ ಕ್ಯಾಬ್ ಇದೆ, ಹೆಚ್ಚುಕಡಿಮೆ ನನ್ನ ಸೊಂಟದ ಎತ್ತರಕ್ಕೆ ಬರುತ್ತದೆ. ಹಾಡು ಗೀಡು ಏನೂ ನುಡಿಸುವುದಿಲ್ಲ. ಮೂರನೇ ತಂತಿಯ 14ನೇ ಫ್ರೆಟ್ ಒತ್ತಿ ಒಂದು ಸಲ ಮೀಟುತ್ತೇನೆ. ಕ್ಯಾಬ್ ಕಡೆ ಒಂದು ಹೆಜ್ಜೆ ಇಡುತ್ತೇನೆ, ಗಿಟಾರ್ ಸ್ವಲ್ಪ ಓರೆ ಮಾಡುತ್ತೇನೆ. ಸ್ವರ ಸಣ್ಣಗಾಗುತ್ತಾ ಬಂದು ಇನ್ನೇನು ನಿಂತಿತು ಅನ್ನುವಾಗ ತಾನೇ ಮೇಲಿನ ಸ್ಥಾಯಿಗೆ ಹತ್ತಿ ಅಲ್ಲೇ ನಿಲ್ಲುತ್ತದೆ. ಬಾಗಿಲು ತಟ್ಟಿ “ಸಾರ್, ಮುಂದಿನ ಬ್ಯಾಂಡ್‌ನವರು ಬಂದಿದ್ದಾರೆ” ಅನ್ನುವವರೆಗೂ ಅದರ ಜೊತೆ ನಿಂತಿರುತ್ತೇನೆ.