ಜಾಲರಿಯ ಒಂದು ತಂತಿ

ಮುಚ್ಚಿಹೋದ ಕಲ್ಲಿದ್ದಲು ಗಣಿಯ ಹಳೇ ದೀಪವೊಂದನ್ನ ಇವತ್ತು ಒರೆಸ್ತಾ ಕೂತಿದ್ದೆ.

ಇದರ ಜೀವ ಇರೋದು ತಂತಿ ಜಾಲರಿಯಲ್ಲಿ. 1815ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಹಿಡಿದ ಗುಟ್ಟು ಅದು. ಇಂಚಿಗೆ 28 ಕಣ್ಣು. ಉರಿಯ ಬಿಸಿಯನ್ನ ತಂತಿಯೇ ಹೀರಿಕೊಳ್ಳುತ್ತೆ, ಬೆಂಕಿ ಹೊರಗೆ ದಾಟಲ್ಲ. ಆದ್ರೆ ಗಾಳಿ ರಭಸವಾಗಿ ನುಗ್ಗಿದ್ರೆ, ಜಾಲರಿ ಕೆಂಪಗೆ ಕಾದ್ರೆ, ದಾಟಿಬಿಡುತ್ತೆ.

ಗಣಿಯಲ್ಲಿ ಸೋರೋ, ಹೊತ್ತಿಕೊಳ್ಳೋ ಅನಿಲ ಮೀಥೇನ್ ಗಾಳಿಗಿಂತ ಹಗುರ, ಸೂರಿನ ಹತ್ತಿರ ಸೇರ್ಕೊಂಡಿರುತ್ತೆ. ಅದಕ್ಕೇ ಬತ್ತಿ ಸಣ್ಣ ಮಾಡಿ, ದೀಪವನ್ನ ನಿಧಾನಕ್ಕೆ ಮೇಲೆತ್ತಬೇಕು. ಉರಿಯ ಮೇಲೆ ಮಸುಕು ನೀಲಿ ಟೊಪ್ಪಿ ಕಂಡಿತೋ, ಅನಿಲ ಇದೆ ಅಂತಲೇ. ಟೊಪ್ಪಿ ಎತ್ತರವಾದಷ್ಟೂ ಅಪಾಯ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5 ಪಾಲು ಮುಟ್ಟಿದ್ರೆ ಸ್ಫೋಟಕ್ಕೆ ಒಂದು ಕಿಡಿ ಸಾಕು.

ಅಂಗೈಯಗಲದ ಬೆಳಕನ್ನ ನಂಬಿ ಎಷ್ಟು ಜನ ಕೆಳಗಿಳಿದಿದ್ರು!

ಈ ಜಾಲರಿಯ ಅಂಚಲ್ಲಿ ಒಂದು ತಂತಿ ತುಂಡಾಗಿದೆ. ಕಣ್ಣಿಗೆ ಕಾಣಲ್ಲ, ಉಗುರಿಗೆ ತಾಗುತ್ತೆ.